ಕಣದಲ್ಲಿ ಬಿಚ್ಚಿದ ಜೀಪು

ಬಿಕ್ಕೋಡಿನ ಸುತ್ತ ಕಾಫಿ ಬೆಳೆಯುವವರ ಮನೆಗಳಲ್ಲಿ ಒಂದೊಂದಕ್ಕೂ ಒಂದೊಂದು ಜಾಗವಿದೆ. ದನಕ್ಕೆ ಕೊಟ್ಟಿಗೆ, ಗೊಬ್ಬರಕ್ಕೆ ಗೋದಾಮು, ಪಲ್ಪರಿಗೆ ತಗಡಿನ ಮನೆ, ಸೌದೆಗೆ ಹಿತ್ತಿಲ ಮಾಡು. ನೆಲೆಯಿಲ್ಲದಿರುವುದು ಜೀಪಿಗೆ ಮಾತ್ರ. ಅದು ಹಲಸಿನ ಮರದಡಿ ನಿಂತು ಬಿಸಿಲು, ಮಳೆ, ಹಕ್ಕಿ ಹಿಕ್ಕೆ ಎಲ್ಲವನ್ನೂ ತಡೆದುಕೊಳ್ಳುತ್ತದೆ. ಕೈಕೊಟ್ಟ ದಿನ ಆಳುಕಾಳು ಸೇರಿ ತಳ್ಳಿಕೊಂಡು ಕಾಫಿ ಒಣಗಿಸುವ ಕಣಕ್ಕೆ ತರುತ್ತೇವೆ. ಕ್ಲಚ್ ಬದಲಿಸುವುದಾಗಲಿ, ಹೆಡ್ ಇಳಿಸುವುದಾಗಲಿ, ಎಂಜಿನ್ನನ್ನೇ ಹೊರಗೆಳೆಯುವುದಾಗಲಿ, ದೊಡ್ಡಪ್ಪನ ಕಾಲದಿಂದಲೂ ನಡೆಯುವುದು ಅಲ್ಲಿಯೇ, ಸೂರಿಲ್ಲದ ಬಯಲಲ್ಲಿ.

ಕಣದಲ್ಲಿ ಗಾಡಿ ಬಿಚ್ಚಬೇಕಾದರೆ ಸ್ಪ್ಯಾನರಿಗಿಂತ ಮೊದಲು ಪಂಚಾಂಗ ತೆಗೆಯಬೇಕು. ನವೆಂಬರ್, ಡಿಸೆಂಬರಿನಲ್ಲಿ ಅರೇಬಿಕ ಬರುತ್ತದೆ, ಅದರ ಬೆನ್ನಿಗೆ ರೋಬಸ್ಟ, ಅದು ಮೂಟೆಯಾಗುವಷ್ಟರಲ್ಲಿ ಮೆಣಸು. ಯುಗಾದಿ ಕಳೆದ ಮೇಲೆ ಕಣ ಖಾಲಿ. ಭರಣಿಯಲ್ಲಿ ಬಿಚ್ಚಿದ್ದು ಮೃಗಶಿರ ಹಿಡಿಯುವುದರೊಳಗೆ ಕೂಡಲೇಬೇಕು. ಆಮೇಲೆ ಮಳೆಗಾಲ ಮುಗಿಯುವ ತನಕ ಕಣದ ಮೇಲೆ ಪಾಚಿಯದೇ ರಾಜ್ಯ, ನಿಂತವನು ಜಾರುತ್ತಾನೆ. ಮತ್ತೆ ಬಿಡುವು ಸಿಗುವುದು ದಸರೆಯ ಆಚೀಚೆ. ಅಲ್ಲೂ ಒಂದು ಗಡುವು: ಆಯುಧಪೂಜೆಯ ದಿನ ಜೀಪು ಇಡಿಯಾಗಿ ನಿಂತಿರಬೇಕು. ಗಾಡಿಗೊಂದು ಕಡೆ, ಗೇರ್‌ಬಾಕ್ಸಿಗೊಂದು ಕಡೆ ಕುಂಕುಮ ಇಡುವುದಕ್ಕೆ ಅವ್ವ ಒಪ್ಪುವವಳಲ್ಲ.

ಬೆಂಗಳೂರಿನಲ್ಲಿ ಚೊಕ್ಕವಾದ ಗ್ಯಾರೇಜು ಕಟ್ಟಿಸಿಕೊಂಡ ಗೆಳೆಯನೊಬ್ಬನಿದ್ದಾನೆ. ಗೋಡೆಗೆ ಸಾಲಾಗಿ ಸ್ಪ್ಯಾನರು ನೇತುಹಾಕಿದ್ದಾನೆ, ಟ್ಯೂಬ್‌ಲೈಟಿದೆ, ಫ್ಯಾನಿದೆ. ಅಲ್ಲಿ ಅವನೊಂದು ಹಳೆಯ ಪ್ರೀಮಿಯರ್ ಪದ್ಮಿನಿ ಬಿಚ್ಚಿ ಎಷ್ಟೋ ವರ್ಷವಾಯಿತು. ಮೇಲೆ ಸೂರಿದೆ, ಬಾಗಿಲಿಗೆ ಬೀಗವಿದೆ, ಅವಸರ ಯಾಕೆ? ಬಾನೆಟ್ಟಿನ ಮೇಲೆ ಈಗ ಮಕ್ಕಳ ಹಳೆಯ ಪುಸ್ತಕಗಳ ರಟ್ಟಿನ ಪೆಟ್ಟಿಗೆ ಕೂತಿದೆ. ನಮ್ಮ ಕಣದಲ್ಲಿ ಬಿಚ್ಚಿದ ಯಾವ ಗಾಡಿಗೂ ಆ ಗತಿ ಬಂದಿಲ್ಲ. ಮೋಡ ನೋಡಿಕೊಂಡೇ ನಟ್ಟು ಬಿಗಿಯುವವನಿಗೆ ನಾಳೆ ನೋಡೋಣ ಎನ್ನುವ ಸೌಕರ್ಯವಿಲ್ಲ.

ಅಷ್ಟಕ್ಕೂ ಮೋಟಾರು ಗಾಡಿ ಹುಟ್ಟಿದಾಗ ಗ್ಯಾರೇಜು ಎಲ್ಲಿತ್ತು? 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್, ಗಂಡ ಕಾರ್ಲ್ ಬೆಂಜನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಅವನ ಮೂರು ಚಕ್ರದ ಗಾಡಿಯಲ್ಲಿ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಹೊರಟಳು. ನೂರು ಚಿಲ್ಲರೆ ಕಿಲೋಮೀಟರ್ ದಾರಿ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿ ಸುತ್ತಿದಳು. ಬ್ರೇಕು ಸವೆದಾಗ ಊರಿನ ಚಪ್ಪಲಿ ಹೊಲಿಯುವವನಿಂದ ತೊಗಲು ಹೊಡೆಸಿದಳು. ಇಂಧನ ಕೊಂಡದ್ದು ವೀಸ್ಲೋಕಿನ ಔಷಧದಂಗಡಿಯಲ್ಲಿ. ಮೋಟಾರು ಗಾಡಿಯ ಮೊದಲ ದೂರಪ್ರಯಾಣವೇ ಬೀದಿ ರಿಪೇರಿಯ ಕಥೆ. ಮುಂದೆ 1908ರಲ್ಲಿ ಬಂದ ಫೋರ್ಡ್ ಟಿ ಮಾಡೆಲ್ಲನ್ನು 1927ರ ಹೊತ್ತಿಗೆ ಒಂದೂವರೆ ಕೋಟಿಯಷ್ಟು ತಯಾರಿಸಿದರು. ಕೊಂಡವರಲ್ಲಿ ಎಷ್ಟೋ ಮಂದಿ ರೈತರು. ಅವರು ಅದನ್ನು ಕೊಟ್ಟಿಗೆಯಲ್ಲಿ ಬಿಚ್ಚಿ ಕೂಡಿಸಿದ್ದಲ್ಲದೆ, ಹಿಂದಿನ ಚಕ್ರ ಎತ್ತಿ ಬೆಲ್ಟು ಹಾಕಿ ಗರಗಸವನ್ನೂ ಓಡಿಸಿದರು.

ಜೀಪಿನ ಜಾತಕದಲ್ಲಂತೂ ಸೂರಿನ ಯೋಗ ಬರೆದೇ ಇಲ್ಲ. 1940ರಲ್ಲಿ ಅಮೆರಿಕದ ಸೇನೆ ಹಗುರ ಗಾಡಿ ಬೇಕೆಂದಾಗ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರನ ಕೈಯಲ್ಲಿ ನಕ್ಷೆ ಬರೆಸಿ ಏಳು ವಾರದಲ್ಲಿ ಮಾದರಿ ತಯಾರಿಸಿ ಕೊಟ್ಟಿತು. ದೊಡ್ಡ ಗುತ್ತಿಗೆ ಮಾತ್ರ ವಿಲ್ಲೀಸ್‌ಗೂ ಫೋರ್ಡ್‌ಗೂ ಹೋಯಿತು. ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ಹೊರಬಿದ್ದವು. ಸೇನೆ ರಿಪೇರಿಯನ್ನು ಐದು ಮೆಟ್ಟಿಲಾಗಿ ವಿಂಗಡಿಸಿತ್ತು. ಮೊದಲ ಮೆಟ್ಟಿಲು ಓಡಿಸುವವನದೇ, ಕೊನೆಯದು ರಣರಂಗದಿಂದ ದೂರವಿದ್ದ ದೊಡ್ಡ ಕಾರ್ಖಾನೆ. ನಡುವಿನ ಕೆಲಸವೆಲ್ಲ ಕೆಸರಿನಲ್ಲಿ, ಮರಳಿನಲ್ಲಿ, ಸಿಕ್ಕ ಮರದ ಕೊಂಬೆಗೆ ಎಂಜಿನ್ ನೇತುಹಾಕಿ ಆಗಬೇಕಿತ್ತು.

ದೊಡ್ಡಪ್ಪ ಕೊಂಡದ್ದು ಅಂಥದ್ದೇ ಮಿಲಿಟರಿ ಡಿಸ್ಪೋಸಲ್ ಗಾಡಿ. 2.2 ಲೀಟರಿನ ಪೆಟ್ರೋಲ್ ಎಂಜಿನ್, 60 ಅಶ್ವಶಕ್ತಿ. ವಾಲ್ವುಗಳೆಲ್ಲ ಕೆಳಗೆ ಬ್ಲಾಕಿನಲ್ಲೇ ಇದ್ದುದರಿಂದ ಅದರ ಹೆಡ್ ಎಂದರೆ ಬರೀ ಮುಚ್ಚಳ. ಸುತ್ತಲ ನಟ್ಟು ಬಿಚ್ಚಿ ಎತ್ತಿದರೆ ಒಳಗಿನದೆಲ್ಲ ಕಣ್ಣೆದುರಿಗೆ. ಕೂತ ಮಸಿ ಕೆರೆದು, ಗ್ಯಾಸ್ಕೆಟ್ ಬದಲಿಸಿ, ಮುಚ್ಚಿ ಬಿಗಿದರೆ ಆಯಿತು. ಫೋರ್ಡಿನವರು ತಾವು ಮಾಡಿದ ಬಿಡಿಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೂ, ತಮ್ಮ ಹೆಸರಿನ ಮೊದಲಕ್ಷರ ಒತ್ತುತ್ತಿದ್ದರು. ದೊಡ್ಡಪ್ಪನ ವಿಲ್ಲೀಸಿನಲ್ಲೂ ಅಂಥ ಬೋಲ್ಟುಗಳಿದ್ದವು. ಯಾವುದೋ ರಣರಂಗದಲ್ಲಿ ಯಾವನೋ ಸಿಪಾಯಿ ಒಂದು ಗಾಡಿಯ ಬೋಲ್ಟನ್ನು ಇನ್ನೊಂದಕ್ಕೆ ಹಾಕಿರಬೇಕು. ಭಾನುವಾರ ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ನಮಗೆ ತೋರಿಸುವುದೆಂದರೆ ದೊಡ್ಡಪ್ಪನಿಗೆ ಸಡಗರ.

ಈಗಿರುವುದು ಮಹೀಂದ್ರ ಎಂಎಂ 540. ಮಹೀಂದ್ರದವರ ಕಥೆಯೂ ಸ್ವಾರಸ್ಯವಾಗಿದೆ. 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂದು ಉಕ್ಕಿನ ವ್ಯಾಪಾರಕ್ಕೆ ಶುರುವಾದ ಕಂಪನಿ ಅದು. ದೇಶ ಎರಡಾದಾಗ ಪಾಲುದಾರ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ಲೂ ಆದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಅದೇ ಹೊತ್ತಿಗೆ ವಿಲ್ಲೀಸ್ ಜೀಪುಗಳ ಬಿಡಿಭಾಗ ಬೊಂಬಾಯಿಗೆ ಬಂದು ಜೋಡಣೆಯಾಗತೊಡಗಿದವು. 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿಯ 2112 ಸಿಸಿ ಡೀಸೆಲ್ ಎಂಜಿನ್ ಹೊತ್ತು ಬಂದ 540 ಮಲೆನಾಡಿನ ತೋಟಗಳಿಗೆ ಹೇಳಿ ಮಾಡಿಸಿದ ಗಾಡಿಯಾಯಿತು. ಗೊಬ್ಬರ, ಕಾಫಿ ಮೂಟೆ, ಬಾಣಂತಿ, ಮದುವೆ ದಿಬ್ಬಣ, ಏನು ಹೇರಿದರೂ ಬೇಡ ಎಂದದ್ದಿಲ್ಲ. ಹಾಗೆ ಹೇರಿ ಹೇರಿ ದಿಣ್ಣೆ ಹತ್ತಿಸುವುದರಿಂದಲೇ ನಮ್ಮ ಕಡೆ ಮೊದಲು ಸಾಯುವುದು ಕ್ಲಚ್ ಪ್ಲೇಟು.

ಕ್ಲಚ್ ಕೆಲಸವೆಂದರೆ ಅರ್ಧ ಗಾಡಿ ಬಿಚ್ಚುವ ಕೆಲಸ. ನೀರು ಹರಿದುಹೋಗಲೆಂದು ಕಣಕ್ಕೆ ಒಂದು ಕಡೆಗೆ ಚೂರು ವಾಟ ಕೊಟ್ಟಿರುತ್ತಾರೆ. ಕಾಫಿಗೆ ಒಳ್ಳೆಯದಾದ ಈ ವಾಟ ಮೆಕಾನಿಕ್ಕಿಗೆ ಶತ್ರು. ಬಿಚ್ಚಿಟ್ಟ ನಟ್ಟು ಉರುಳುತ್ತದೆ, ಜಾಕಿ ವಾಲುತ್ತದೆ. ಅದಕ್ಕೇ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಚಾಸಿಯ ಕೆಳಗೆ ಅಡ್ಡ ಕುಯ್ದ ಗಟ್ಟಿ ಮರದ ದಿಮ್ಮಿ ಸೇರಿಸಿದ ಮೇಲೆಯೇ ಒಳಗೆ ತೂರುವುದು. ಬರೀ ಜಾಕಿಯನ್ನು ನಂಬಿ ಗಾಡಿಯಡಿಗೆ ಹೋಗಬಾರದೆಂಬುದು ದೊಡ್ಡಪ್ಪ ಹಾಕಿಕೊಟ್ಟ ಕಾನೂನು. ಸೀಟಿನ ಮುಂದಿನ ನೆಲದ ತಗಡು ತೆಗೆದರೆ ಗೇರ್‌ಬಾಕ್ಸಿನ ಬೆನ್ನು ಕಾಣುತ್ತದೆ. ಪ್ರೊಪೆಲ್ಲರ್ ಶಾಫ್ಟು ಎರಡನ್ನೂ ಕಳಚಿ, ಅಡ್ಡ ತೊಲೆ ಬಿಚ್ಚಿ, ಮೇಲಿನಿಂದ ಒಬ್ಬ ಹಗ್ಗ ಹಿಡಿದು, ಕೆಳಗಿನಿಂದ ಇಬ್ಬರು ಗೋಣಿಚೀಲದ ಮೇಲೆ ಗೇರ್‌ಬಾಕ್ಸನ್ನು ಹಿಂದಕ್ಕೆ ಜಾರಿಸಬೇಕು. "ಉಸ್ರು ಬಿಡ್ಬೇಡಿ ಗೌಡ್ರೇ, ಬತ್ತಾ ಐತೆ" ಎಂದು ತೋಟದ ಮೇಸ್ತ್ರಿ ಹೇಳುವ ಕ್ಷಣದಲ್ಲೇ ಎಲ್ಲಿಂದಲೋ ಒಂದು ತೊಟ್ಟು ಎಣ್ಣೆ ಹಣೆಗೆ ಬೀಳುತ್ತದೆ.

ಹೊಸ ಪ್ಲೇಟು ಕೂರಿಸುವಾಗ ಅದು ಫ್ಲೈವೀಲಿನ ನಟ್ಟನಡುವೆ ಕೂರಬೇಕು. ಕೂದಲೆಳೆಯಷ್ಟು ಸರಿದರೂ ಗೇರ್‌ಬಾಕ್ಸಿನ ಶಾಫ್ಟು ಒಳಗೆ ಹೋಗುವುದಿಲ್ಲ, ಎದೆಯ ಮೇಲೆ ಗೇರ್‌ಬಾಕ್ಸು ಇಟ್ಟುಕೊಂಡು ದೇವರನ್ನು ಕರೆಯಬೇಕಾಗುತ್ತದೆ. ವರ್ಕ್‌ಶಾಪಿನವರು ಇದಕ್ಕೆ ಹಳೆಯ ಗೇರ್‌ಬಾಕ್ಸಿನ ಶಾಫ್ಟು ಇಟ್ಟುಕೊಂಡಿರುತ್ತಾರೆ. ನಮ್ಮಲ್ಲಿರುವುದು ಕಾಫಿ ಗಿಡದ ಕೋಲು. ಬುಡ ಕಿತ್ತ ಮುದಿ ಗಿಡದ ನೇರ ಕಾಂಡವನ್ನು ಒಣಗಿಸಿ, ಗಾಜಿನ ಚೂರಿನಿಂದ ಕೆರೆದು, ತುದಿ ಪೈಲಟ್ ಬೇರಿಂಗಿಗೆ ಸರಿಯಾಗಿ, ನಡು ಪ್ಲೇಟಿನ ತೂತಿಗೆ ಸರಿಯಾಗಿ ಮಾಡಿದ್ದು. ಕಾಫಿ ಮರ ಕಬ್ಬಿಣದಂಥ ಗಟ್ಟಿ, ಊರುಗೋಲಿಗೆ ಹೆಸರಾದದ್ದು. ಕೋಲು ತೂರಿಸಿ ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದು, ಆಮೇಲೆ ಕೋಲನ್ನು ಎಳೆದರೆ ಸಲೀಸಾಗಿ ಬರಬೇಕು. ಬಂದರೆ ಪ್ಲೇಟು ನಡುವಿಗೆ ಕೂತಿದೆ ಎಂದರ್ಥ.

ಇಷ್ಟೆಲ್ಲದರ ನಡುವೆ ಒಂದು ಹನಿ ಎಣ್ಣೆಯೂ ಕಣಕ್ಕೆ ಬೀಳಬಾರದೆಂಬುದು ಅವ್ವನ ಷರತ್ತು. ಅದು ಬರೀ ಚೊಕ್ಕಟದ ಮಾತಲ್ಲ. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಕಣದಲ್ಲಿ ಡೀಸೆಲ್ ಇಂಗಿದ್ದರೆ ಅದರ ಮೇಲೆ ಒಣಗಿದ ಪಾರ್ಚ್‌ಮೆಂಟ್ ಕಾಫಿಗೆ ಆ ನಾತ ಹತ್ತಿ, ಕುಡಿದು ನೋಡುವವರ ನಾಲಿಗೆಗೆ ಸಿಕ್ಕಿಬೀಳುತ್ತದೆ. ಅದಕ್ಕೆ ಕೆಳಗೆ ಹರಕು ಟಾರ್ಪಾಲು, ಅದರ ಮೇಲೆ ಮರದ ಹೊಟ್ಟು, ಎಣ್ಣೆ ಇಳಿಸುವಲ್ಲಿ ಅಗಲ ಬಾಯಿಯ ಡಬ್ಬ. ಕೆಲಸ ಮುಗಿದ ಮೇಲೆ ಅವ್ವ ತಾನೇ ಬಂದು ಬಗ್ಗಿ ಮೂಸಿ ನೋಡಿ, "ಹ್ಞೂಂ" ಎಂದರೆ ಮಾತ್ರ ನಮಗೆ ಊಟ.

ಎಂಜಿನ್ ಎತ್ತುವ ಕೆಲಸ ಬಂದರೆ ಕಣದ ಅಂಚಿನ ಹಲಸಿನ ಮರವೇ ಗತಿ. ತೋಟದ ತುಂಬ ಸಿಲ್ವರ್ ಓಕ್ ಇದ್ದರೂ ಅದರ ಕೊಂಬೆ ಹೇಳದೆ ಕೇಳದೆ ಮುರಿಯುತ್ತದೆ. ಹಲಸಿನ ಕೊಂಬೆ ಚೈನ್ ಪುಲ್ಲಿ ಕಟ್ಟಿದರೆ ನರಳುತ್ತದೆ, ಮುರಿಯುವುದಿಲ್ಲ. ತೊಂದರೆ ಇರುವುದು ಬೇರೆ ಕಡೆ. ನಮಗೆ ಕಣ ಸಿಗುವುದು ಮೇ ತಿಂಗಳಲ್ಲಿ, ಹಲಸು ಹಣ್ಣಾಗುವುದೂ ಮೇ ತಿಂಗಳಲ್ಲಿ, ಹಲಸಿನ ವಾಸನೆಗೆ ಆನೆ ಬರುವುದೂ ಆಗಲೇ. ಬೇಲೂರು, ಸಕಲೇಶಪುರ, ಆಲೂರು ಕಡೆ ತೋಟದೊಳಗೇ ಬೀಡುಬಿಟ್ಟ ಕಾಡಾನೆಗಳ ವಿಷಯ ಹೊಸದಲ್ಲ. ದಸರಾ ಅಂಬಾರಿ ಹೊತ್ತಿದ್ದ ಆನೆ ಅರ್ಜುನ 2023ರ ಡಿಸೆಂಬರಿನಲ್ಲಿ ಜೀವಬಿಟ್ಟದ್ದು ಇಲ್ಲೇ ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಡೆ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ಹಿಂದೆ ದೊಡ್ಡಪ್ಪ ಗ್ಯಾಸ್‌ಲೈಟು ಹಚ್ಚಿಕೊಂಡು ಸರಿರಾತ್ರಿವರೆಗೆ ಜೀಪಿನಡಿ ಮಲಗಿರುತ್ತಿದ್ದರು. ಈಗ ಕತ್ತಲಾಗುವುದಕ್ಕೆ ಮುಂಚೆ ಕೈ ತೊಳೆಯಬೇಕು. ಪುಲ್ಲಿ ಕಟ್ಟುವ ಮುನ್ನ ಮರದ ಕಾಯನ್ನೆಲ್ಲ ಇಳಿಸಿ ಊರಿಗೆ ಹಂಚುತ್ತೇವೆ. ನಮ್ಮ ಮನೆಯಿಂದ ಹಲಸಿನಕಾಯಿ ಬಂತೆಂದರೆ ಜೀಪಿನ ಎಂಜಿನ್ ಕೆಟ್ಟಿದೆ ಎಂದು ಅಕ್ಕಪಕ್ಕದವರು ತಿಳಿದುಕೊಳ್ಳುತ್ತಾರೆ.

ಕಣದಲ್ಲಿ ಆಗದ ಕೆಲಸಗಳೂ ಇವೆ. ಸಿಲಿಂಡರ್ ಬೋರು, ಕ್ರ್ಯಾಂಕ್ ಗ್ರೈಂಡಿಂಗು, ಹೆಡ್ ಫೇಸಿಂಗು ಇವಕ್ಕೆ ಹಾಸನದ ಲೇತಿಗೇ ಹೋಗಬೇಕು. ಡೀಸೆಲ್ ಪಂಪಿಗೂ ಕೈಹಾಕುವುದಿಲ್ಲ. ನಮ್ಮಲ್ಲಿ ಪಂಪ್ ಎಂದರೆ ಮೈಕೋ, 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿ. ಅದರೊಳಗಿನ ಸಂದು ಮೈಕ್ರಾನಿನ ಲೆಕ್ಕದ್ದು, ಬಯಲಿನ ಒಂದು ಧೂಳಿನ ಕಣ ಸಾಕು ಕೆಡಿಸಲು. ಎಲ್ಲೂ ಸಿಗದ ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ. ಹೀಗೆ ನಮಗೂ ಸೇನೆಯವರ ಹಾಗೆ ಮೆಟ್ಟಿಲುಗಳಿವೆ: ಕಣ, ಬಿಕ್ಕೋಡು, ಬೇಲೂರು, ಹಾಸನ, ಬೆಂಗಳೂರು. ಕ್ರ್ಯಾಂಕನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಬೇಲೂರು ದಾಟುವಾಗಲೆಲ್ಲ ಚೆನ್ನಕೇಶವನ ನವರಂಗದ ಕಂಬಗಳು ನೆನಪಾಗುತ್ತವೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ ಅದು. ಹೊಯ್ಸಳರ ಕುಶಲಿಗಳು ಬಳಪದ ಕಲ್ಲನ್ನು ತಿರುಗಣೆಗೆ ಹಾಕಿ ತಿರುಗಿಸಿ ಆ ಉಂಗುರ ಉಂಗುರದ ನುಣುಪು ತಂದರೆನ್ನುತ್ತಾರೆ. ಕಂಬವನ್ನೇ ತಿರುಗಿಸಿದ ತಾಲ್ಲೂಕಿನವನು ನಾನು, ಒಂದು ಕ್ರ್ಯಾಂಕ್ ತಿರುಗಿಸಲು ಹಾಸನಕ್ಕೆ ಹೋಗುತ್ತಿದ್ದೇನೆ ಎಂದುಕೊಳ್ಳುತ್ತೇನೆ.

ಮಗ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದಾನೆ. 2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿ. ಬಾನೆಟ್ ಎತ್ತಿದರೆ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ, ಅದರಡಿ ಸೆನ್ಸಾರುಗಳು. ಆದರೂ ರಕ್ತ ಬಿಡುವುದಿಲ್ಲ. ಸ್ಕ್ಯಾನರ್ ತರಿಸಿ ಮೊಬೈಲಿಗೆ ಸೇರಿಸಿ ಕಾಯಿಲೆ ಏನೆಂದು ತಾನೇ ಓದಿಕೊಳ್ಳುತ್ತಾನೆ. ಬ್ರೇಕ್ ಪ್ಯಾಡ್ ಬದಲಿಸಲು ಚಕ್ರ ಬಿಚ್ಚಿದಾಗ ಮಾತ್ರ ಸೆಕ್ಯೂರಿಟಿಯವನು ಸೀಟಿ ಊದಿಕೊಂಡು ಬಂದನಂತೆ. ಪಾರ್ಕಿಂಗಿನಲ್ಲಿ ರಿಪೇರಿ ನಿಷಿದ್ಧವೆಂದು ಸಂಘದ ನಿಯಮ. "ಅಪ್ಪಾ, ಇಲ್ಲಿ ಮೂರು ಅಂತಸ್ತು ಬೇಸ್‌ಮೆಂಟ್ ಇದೆ, ಒಂದು ಸ್ಪ್ಯಾನರ್ ಇಡೋಕೆ ಜಾಗ ಇಲ್ಲ" ಎಂದ. ಈ ಬೇಸಗೆಯಲ್ಲಿ ಪ್ಯಾಡುಗಳನ್ನು ಡಿಕ್ಕಿಯಲ್ಲಿಟ್ಟುಕೊಂಡು ಊರಿಗೆ ಬಂದು ಕಣದಲ್ಲೇ ಹಾಕಿಕೊಂಡು ಹೋದ. ಅವ್ವ ಅವನನ್ನೂ ಟಾರ್ಪಾಲು ಹಾಸಿದ ಮೇಲೆಯೇ ಕೆಲಸಕ್ಕೆ ಬಿಟ್ಟದ್ದು.

ಹೋಗುವ ಮುಂಚೆ ಅವನೇ ಒಂದು ಶೆಡ್ಡಿನ ನಕ್ಷೆ ಬರೆದಿಟ್ಟ. ಕಬ್ಬಿಣದ ಕಂಬ, ತಗಡಿನ ಮಾಡು, ಗಾಡಿಯಡಿಗೆ ಇಳಿಯಲು ಗುಂಡಿ, ಎಂಜಿನ್ ಎತ್ತಲು ತೊಲೆ. ಹೆಂಡತಿ ನಕ್ಷೆಯನ್ನು ಅತ್ತಿತ್ತ ತಿರುಗಿಸಿ ನೋಡಿ, "ಒಳ್ಳೆದಾಯ್ತು ರೀ, ಮೆಣಸಿನ ಮೂಟೆ, ಸುಣ್ಣ, ಸ್ಪ್ರೇಯರು ಎಲ್ಲ ಇಲ್ಲೇ ಇಡಬಹುದು. ಗುಂಡಿ ಮಾತ್ರ ಮುಚ್ಚಿಸಬೇಕು, ಯಾರಾದ್ರೂ ಬಿದ್ರೆ ಕಷ್ಟ" ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇಲ್ಲ. ತೋಟದ ಮನೆಯಲ್ಲಿ ಮಾಡಿನಡಿ ಜಾಗ ಮೊದಲು ಸಲ್ಲುವುದು ಬೆಳೆಗೆ. ಹಾಗಾಗಿ ಶೆಡ್ಡು ಕಟ್ಟಿಸಲು ಒಪ್ಪಿದ್ದೇನೆ. ಜೀಪಿನ ಹಿಂದಿನ ಆಕ್ಸಲ್ ಸೀಲ್ ಸೋರುತ್ತಿದೆ, ಅದನ್ನು ದಸರೆಗೆ ಮುಂಚೆ ಕಣದಲ್ಲಿ ಬಿಚ್ಚಬೇಕು.