ಶಕ್ತಿಯನ್ನರಿತ ಆರಂಭ

ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯು 2022ರಲ್ಲಿ ಹೊರತಂದ ‘ಎಲ್ಡನ್ ರಿಂಗ್’ ಎಂಬ ವಿಡಿಯೋ ಆಟವು ತನ್ನ ಕಾಠಿಣ್ಯಕ್ಕೆ ಹೆಸರಾದುದು. ಅದನ್ನು ಪ್ರವೇಶಿಸುವವನು ಮೊದಲಿಗೇ 10 ಬಗೆಯ ಪಾತ್ರಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಮನುಷ್ಯನ ಅಭಿಮಾನಕ್ಕೆ ಇಲ್ಲಿಯೇ ಪರೀಕ್ಷೆ.

‘ರೆಚ್’ ಎಂಬ ಪಾತ್ರವು 1ನೆಯ ಮಟ್ಟದ್ದು. ಅದರ ಕೈಯಲ್ಲಿರುವುದು ದೊಣ್ಣೆ ಮಾತ್ರ. ಕೀರ್ತಿಯಾಸೆಯ ಹೊಸಬನು ಇದಕ್ಕೇ ಕೈಚಾಚುವುದುಂಟು. ‘ವ್ಯಾಗಬಾಂಡ್’ ಆದರೋ 9ನೆಯ ಮಟ್ಟದಲ್ಲಿ ಆರಂಭವಾಗುತ್ತದೆ. ಅದಕ್ಕೆ ಕವಚವುಂಟು, ಖಡ್ಗವುಂಟು, ಆಯುಧದ ಪೆಟ್ಟನ್ನು ತಡೆಯುವ ಗುರಾಣಿಯುಂಟು. ಹತ್ತರಲ್ಲಿ ಪ್ರಾಣಬಲವೂ ಅದಕ್ಕೇ ಹೆಚ್ಚು.

ಈ ಆಟದಲ್ಲಿ ಮಡಿದವನ ಗಳಿಕೆಯಾದ ‘ರೂನ್’ಗಳು ಬಿದ್ದ ಸ್ಥಳದಲ್ಲಿಯೇ ಉಳಿಯುತ್ತವೆ. ಅವನ್ನು ಮರಳಿ ಪಡೆಯುವ ಮುನ್ನ ಮತ್ತೆ ಮಡಿದರೆ ಗಳಿಸಿದ್ದೆಲ್ಲ ನಷ್ಟ. ಗುರಾಣಿಯ ಹಿಂದೆ ನಿಂತವನಿಗಾದರೆ ವೈರಿಯ ನಡೆಯನ್ನು ನೋಡಿ ಕಲಿಯಲು ಅವಕಾಶವಿರುತ್ತದೆ.

ಆರಂಭವು ಬಂಧನವೂ ಅಲ್ಲ. ರೂನ್‌ಗಳನ್ನು ವ್ಯಯಿಸಿ ಯಾವ ಪಾತ್ರವೂ ಯಾವ ಗುಣವನ್ನಾದರೂ ಬೆಳೆಸಿಕೊಳ್ಳಬಹುದು. ಖಡ್ಗಧಾರಿಯೂ ಮುಂದೆ ಮಂತ್ರವಿದ್ಯೆಯನ್ನು ಸಾಧಿಸಬಹುದು. ಆದುದರಿಂದ ತನ್ನ ಶಕ್ತಿಯನ್ನರಿತು ತೊಡಗುವವನನ್ನು ಹೇಡಿಯೆನ್ನುವುದು ನ್ಯಾಯವಲ್ಲ. ಪಳಗಿದ ಬಳಿಕ ಕಷ್ಟದ ಪಾತ್ರವನ್ನು ಯಾರೂ ಹಿಡಿಯಬಹುದು; ಹಮ್ಮಿನಿಂದ ತೊಡಗಿ, ಬೇಸತ್ತು, ನಡುವೆ ಬಿಟ್ಟುಹೋದವನಿಗೆ ಆ ದಿನವೇ ಬಾರದು.