ಸೂರಿಗೆ ಕಟ್ಟಿದ ಕಾಕಿ ಹಣ್ಣು

ನವೆಂಬರ್ ಬಂತೆಂದರೆ ನಮ್ಮ ಇನಾ ಕಣಿವೆಯ ಮನೆಗಳ ಸೂರಿನಂಚೆಲ್ಲ ಕಿತ್ತಳೆ ಬಣ್ಣ. ಸಿಪ್ಪೆ ಸುಲಿದು ದಾರಕ್ಕೆ ಕಟ್ಟಿದ ಕಾಕಿ ಹಣ್ಣುಗಳು ಸಾಲುಸಾಲಾಗಿ ತೂಗುತ್ತವೆ. ಜಪಾನಿನ ನಾಗಾನೊ ಪ್ರಾಂತ್ಯದ ಈ ಕಣಿವೆಗೆ ಶಿರಸಿ ಸೀಮೆಯಿಂದ ಬಂದ ನಾವು ಗಂಡಹೆಂಡತಿ ಇಲ್ಲಿ ಗದ್ದೆ ಮಾಡಿಕೊಂಡಿದ್ದೇವೆ. ವರ್ಷದ ಕೆಲಸಗಳಲ್ಲಿ ನನಗೆ ತೀರಾ ಇಷ್ಟವಾದದ್ದು ನಾಟಿಯೂ ಅಲ್ಲ, ಕೊಯ್ಲೂ ಅಲ್ಲ, ಈ ಹಣ್ಣು ಒಣಗಿಸುವುದು.

ಮನೆ ಸಿಗುವುದು ಕಷ್ಟವಾಗಲಿಲ್ಲ. 2023ರ ಸರ್ಕಾರಿ ಸಮೀಕ್ಷೆಯಂತೆ ಜಪಾನಿನಲ್ಲಿ ಖಾಲಿ ಬಿದ್ದ ಮನೆಗಳು ಸುಮಾರು 90 ಲಕ್ಷ. ಜಮೀನಿಗೆ ಸ್ಥಳೀಯ ಕೃಷಿ ಸಮಿತಿಯ ಒಪ್ಪಿಗೆ ಬೇಕು, ಅದೂ ಆಯಿತು. ಕಾಗದಪತ್ರ ಮುಗಿದ ಮೇಲೆ ಊರಿನ ಕೆಲಸ ಶುರು. ಗದ್ದೆಗೆ ನೀರು ಬಿಡುವ ಮುಂಚೆ ಕಾಲುವೆಯ ಹೂಳೆತ್ತಲು ಮನೆಗೊಬ್ಬರು ಹೋಗಬೇಕು, ಬೇಸಿಗೆಯಲ್ಲಿ ದಾರಿಬದಿಯ ಹುಲ್ಲು ಸವರಬೇಕು, ಮನೆಯಿಂದ ಮನೆಗೆ ಸಾಗುವ ಸುತ್ತೋಲೆಯನ್ನು ಓದಿ ಪಕ್ಕದವರಿಗೆ ದಾಟಿಸಬೇಕು. ಎಲ್ಲವನ್ನೂ ಮಾಡಿದೆವು. ಆದರೆ ನಾವೂ ಈ ಊರಿನವರು ಎಂದು ನನ್ನ ಮನಸ್ಸಿಗೆ ಬಂದದ್ದು ಪಕ್ಕದ ಮನೆಯ ಅಜ್ಜಿಯ ಜಗಲಿಯಲ್ಲಿ ಚಾಕು ಹಿಡಿದು ಕೂತ ಮೇಲೆ. ಶಿರಸಿಯ ಕಡೆ ಚಳಿಗಾಲದ ರಾತ್ರಿ ಅಡಿಕೆ ಸುಲಿಯಲು ಅಕ್ಕಪಕ್ಕದವರು ಮೆಟ್ಟುಗತ್ತಿಯ ಮುಂದೆ ಕೂರುತ್ತಾರಲ್ಲ, ಇಲ್ಲಿಯೂ ಹಾಗೆಯೇ. ಕೈ ನಡೆಯುತ್ತಿದ್ದರೆ ಮಾತು ತಾನಾಗಿ ಬರುತ್ತದೆ. ನನ್ನ ಅರೆಬರೆ ಜಪಾನಿ ಭಾಷೆ ತಿದ್ದಿಕೊಂಡದ್ದೂ ಅಲ್ಲಿಯೇ.

ಒಣಗಿಸುವ ಜಾತಿಯ ಕಾಕಿಯನ್ನು ಹಸಿಯಾಗಿ ಕಚ್ಚಿದರೆ ಒಗರಿಗೆ ನಾಲಿಗೆ ಹಿಡಿದುಕೊಳ್ಳುತ್ತದೆ. ಸಿಹಿ ಆಗಲೇ ಒಳಗಿರುತ್ತದೆ, ಟ್ಯಾನಿನ್ ಅದನ್ನು ಮುಚ್ಚಿರುತ್ತದೆ. ಹಣ್ಣು ಒಣಗುತ್ತ ಬಂದಂತೆ ಆ ಟ್ಯಾನಿನ್ ನೀರಿನಲ್ಲಿ ಕರಗದ ರೂಪಕ್ಕೆ ತಿರುಗಿ ನಾಲಿಗೆಗೆ ತಗಲದಂತಾಗುತ್ತದೆ. ಈ ಬದಲಾವಣೆಯನ್ನು ದಿನದಿನವೂ ಬೆರಳಿನಲ್ಲಿ ಮುಟ್ಟಿ ತಿಳಿಯುವುದೇ ನನಗೆ ದೊಡ್ಡ ಸುಖ.

ಕೀಳುವಾಗ ತೊಟ್ಟಿನ ಜೊತೆ ರೆಂಬೆಯ ಚೂರೊಂದು ಅಡ್ಡಕ್ಕೆ ಉಳಿಯಬೇಕು. ದಾರ ನಿಲ್ಲುವುದು ಅದರ ಮೇಲೆ. ತೊಟ್ಟಿನ ಸುತ್ತ ಸ್ವಲ್ಪ ಬಿಟ್ಟು ಸಿಪ್ಪೆ ತೆಗೆದು, ದಾರದ ಎರಡು ತುದಿಗೂ ಒಂದೊಂದು ಹಣ್ಣು ಕಟ್ಟಿ, ಕುದಿಯುವ ನೀರಲ್ಲಿ ಕೆಲವೇ ಕ್ಷಣ ಅದ್ದುತ್ತೇವೆ. ಬೂಸ್ಟು ಬರಬಾರದೆಂದು ಈ ಕ್ರಮ. ಆಮೇಲೆ ಮಳೆ ತಾಗದ, ಗಾಳಿಯಾಡುವ ಸೂರಿನಡಿ, ಒಂದಕ್ಕೊಂದು ಮುಟ್ಟದಂತೆ ತೂಗುಹಾಕುವುದು.

ಒಂದು ವಾರದ ಹೊತ್ತಿಗೆ ಮೇಲೆ ತೆಳುವಾದ ಹೊಸ ಚರ್ಮ ಬಂದಿರುತ್ತದೆ. ಆಗ ಒಂದೊಂದನ್ನೇ ಹಿಡಿದು ಒತ್ತಬೇಕು. "ಹಿಂಡಬೇಡ, ಒಳಗೆ ಗಟ್ಟಿ ಎಲ್ಲಿದೆ ಹುಡುಕು" ಎನ್ನುತ್ತಾರೆ ಅಜ್ಜಿ. ಆ ಗಟ್ಟಿಯನ್ನು ಹೆಬ್ಬೆರಳಿನಿಂದ ಸಡಿಲಿಸಿದರೆ ಒಳಗಿನ ತೇವ ಹೊರಗೆ ಬರುತ್ತದೆ. ನಾಲ್ಕಾರು ವಾರಗಳಲ್ಲಿ ಹಣ್ಣು ಕುಗ್ಗಿ ಕಂದಾಗಿ, ಮೈಮೇಲೆ ಬಿಳಿ ಪುಡಿ ಏಳುತ್ತದೆ. ನೋಡಿದವರು ಬೂಸ್ಟು ಎಂದುಕೊಂಡಾರು, ಅದು ಹಣ್ಣಿನದೇ ಸಕ್ಕರೆ.

ಈ ಕಣಿವೆಯ ದಕ್ಷಿಣ ಭಾಗದ ಇಚಿದಾ ಕಾಕಿಗೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ತೆನ್ರ್ಯು ನದಿಯಿಂದ ಬೆಳಗಿನ ಮಂಜು ಏಳುತ್ತದೆ, ಹೊತ್ತೇರಿದ ಮೇಲೆ ಒಣಹವೆ. ಅವಸರವಿಲ್ಲದೆ ಒಣಗುವುದರಿಂದಲೇ ಅದಕ್ಕೆ ಆ ಮೃದುತನ. ಯಂತ್ರದ ಬಿಸಿಗಾಳಿಯಲ್ಲಿ ಬೇಗ ಒಣಗಿದ್ದನ್ನೂ ತಿಂದಿದ್ದೇನೆ, ನನ್ನ ಮಟ್ಟಿಗೆ ಅದು ಸಮಾನವಲ್ಲ.

ಎಲ್ಲ ಹಣ್ಣನ್ನೂ ಕೀಳುವ ಪದ್ಧತಿ ಇಲ್ಲಿಲ್ಲ. ತುದಿಯಲ್ಲೊಂದೆರಡನ್ನು ಹಕ್ಕಿಗೂ ಮುಂದಿನ ವರ್ಷದ ಫಸಲಿಗೂ ಎಂದು ಬಿಡುತ್ತಾರೆ. ಆದರೆ ಈಗ ಎಷ್ಟೋ ಮರಗಳು ಹೊತ್ತ ಹಣ್ಣಿನೊಂದಿಗೇ ನಿಂತಿವೆ. ಕೀಳಲು ಕಸುವಿರುವವರು ಹಳ್ಳಿಯಲ್ಲಿಲ್ಲ. ಹಾಗೆ ಉಳಿದ ಹಣ್ಣಿಗೆ ಕರಡಿಗಳು ಮನೆಯಂಗಳಕ್ಕೇ ಬರುತ್ತವೆ.

ಟೋಕಿಯೊ, ಯೊಕೊಹಾಮಾದ ಕನ್ನಡಿಗ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ನವೆಂಬರ್ 3 ಮತ್ತು 23 ಇಲ್ಲಿ ರಜೆ. ಪರಿಚಯದ ಹಳ್ಳಿಯೊಂದಕ್ಕೆ ಹೋಗಿ, ಮನೆಯವರನ್ನು ಕೇಳಿ, ಅವರ ಮರದ ಹಣ್ಣು ಇಳಿಸಿಕೊಡಿ. ಕಾಕಿಯ ಕೊಂಬೆ ಪಟ್ಟನೆ ಮುರಿಯುತ್ತದೆ. ಮರ ಹತ್ತಬೇಡಿ, ಏಣಿ ಮತ್ತು ದೋಟಿ ಬಳಸಿ.