ಹೊಸ್ತಿಲು

ಜರೆಯು ಎಲ್ಲರನ್ನೂ ಒಂದೇ ಬಾಗಿಲಿನಿಂದ ಪ್ರವೇಶಿಸುವುದಿಲ್ಲ. ಒಬ್ಬರಿಗೆ ಕಣ್ಣಿನಿಂದ, ಇನ್ನೊಬ್ಬರಿಗೆ ಮಂಡಿಯಿಂದ ಬರುವುದುಂಟು. ದೇವಸ್ಥಾನದ ಬೀದಿಯ ಆ ಹಿರಿಯರಿಗೆ ಅದು ಬಲಗೈಯ ಹೆಬ್ಬೆರಳಿನಿಂದ ಬಂದಿತು. ಜಪಸರವನ್ನು ಎಣಿಸುವಾಗ ಸ್ವಸ್ಥವಾಗಿರುತ್ತಿದ್ದ ಬೆರಳು, ಕೈಯನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟೊಡನೆ ನಡುಗುತ್ತಿತ್ತು. ಕ್ರಮೇಣ ಅಕ್ಷರಗಳು ಕಿರಿದಾದುವು, ಹೆಜ್ಜೆಗಳೂ ಕಿರಿದಾದುವು. ವೈದ್ಯರು ಪಾರ್ಕಿನ್ಸನ್ ವ್ಯಾಧಿಯೆಂದು ನಿರ್ಣಯಿಸಿದರು.

ಸರ್ವಾಂಗವನ್ನೂ ಶಿರಸ್ಸನ್ನೂ ಕಂಪಿಸುವ ವಾತವನ್ನು ಮಾಧವನಿದಾನವು ವೇಪಥುವೆಂದು ಹೆಸರಿಸಿದೆ. ಆಂಗ್ಲವೈದ್ಯನಾದ ಜೇಮ್ಸ್ ಪಾರ್ಕಿನ್ಸನ್ ಈ ವ್ಯಾಧಿಯ ಲಕ್ಷಣಗಳನ್ನು 1817ರಲ್ಲಿ ಪ್ರಬಂಧರೂಪವಾಗಿ ವಿವರಿಸಿದನು. ಮಿದುಳಿನ ಆಳದಲ್ಲಿ ಕಪ್ಪಾಗಿ ತೋರುವ ಒಂದು ಭಾಗದ ಕೋಶಗಳು ಕ್ಷಯಿಸಿ, ಅವು ಒದಗಿಸುವ ಡೋಪಮೀನ್ ಎಂಬ ದ್ರವ್ಯವು ಕುಗ್ಗುವುದರಿಂದ ಚಲನೆಯು ಮಂದವಾಗುವುದು. ಲೆವೊಡೋಪ ಎಂಬ ಔಷಧವು ಜಡತೆಯನ್ನು ಬಹಳಮಟ್ಟಿಗೆ ಸಡಿಲಿಸುವುದಾದರೂ ದೇಹದ ಸಮತೋಲವನ್ನು ಅಷ್ಟಾಗಿ ಸರಿಪಡಿಸಲಾರದು. ಆದುದರಿಂದಲೇ ಈ ರೋಗದಲ್ಲಿ ಬೀಳುವ ಭಯವು ವಿಶೇಷವಾದುದು.

ಹಿರಿಯರೂ ಬಿದ್ದರು. ಒಂದು ಮುಂಜಾನೆ ಎರಡು ಕೈಗಳಲ್ಲೂ ನೀರಿನ ಚೊಂಬುಗಳನ್ನು ಹಿಡಿದು ನಡೆಯುತ್ತಿದ್ದವರು, ಹಿಂದಿನಿಂದ ಮೊಮ್ಮಗನು ಕೂಗಲಾಗಿ ಥಟ್ಟನೆ ತಿರುಗಿದರು. ದೇಹವು ತಿರುಗಿತು, ಪಾದಗಳು ತಿರುಗಲಿಲ್ಲ. ಮಣಿಕಟ್ಟಿನ ಎಲುಬು ಮುರಿಯಿತು. ಮನೆಯವರು ಪ್ರೀತಿಯಿಂದಲೇ ಅವರನ್ನು ಕುರ್ಚಿಗೆ ಕಟ್ಟಿಹಾಕಿದರು. "ತಾವು ಏಳಬೇಡಿರಿ, ಏನು ಬೇಕಾದರೂ ಹೇಳಿರಿ" ಎಂದರು. ಮೂರು ತಿಂಗಳಲ್ಲಿ ತೊಡೆಗಳು ಸೊರಗಿ, ಎದ್ದುನಿಲ್ಲುವುದೇ ದುಸ್ತರವಾಯಿತು. ಬೀಳುವೆನೆಂಬ ಭಯವೇ ಬೀಳುವುದಕ್ಕೆ ಇನ್ನೊಂದು ಕಾರಣವಾಯಿತು.

ಅನಂತರ ಬಂದ ವ್ಯಾಯಾಮ ಚಿಕಿತ್ಸಕರು ಮೊದಲು ಮನೆಯವರಿಗೇ ಪಾಠ ಹೇಳಿದರು. ನಡುಮನೆಯ ಜಮಖಾನವನ್ನು ತೆಗೆಯಿಸಿದರು. ಬಚ್ಚಲಿನಲ್ಲಿ ಗೋಡೆಗೆ ಹಿಡಿಕೆಯನ್ನೂ, ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿಯ ದೀಪವನ್ನೂ ಹಾಕಿಸಿದರು. ಮಲಗಿದ್ದವರು ಎದ್ದೊಡನೆ ನಿಲ್ಲದೆ, ಕೊಂಚ ಹೊತ್ತು ಕುಳಿತಿರತಕ್ಕದ್ದು. ಇಲ್ಲವಾದರೆ ರಕ್ತದ ಒತ್ತಡವಿಳಿದು ತಲೆ ತಿರುಗಬಹುದು. ನಡೆಯುವಾಗ ಕೈಗಳು ಬರಿದಾಗಿರಬೇಕು, ಮಾತು ನಿಂತಿರಬೇಕು. ತಿರುಗಬೇಕಾದರೆ ನಿಂತಲ್ಲಿಯೇ ತಿರುಗದೆ, ಪ್ರದಕ್ಷಿಣೆಯಂತೆ ಸುತ್ತಿ ಬರಬೇಕು.

ಹೊಸ್ತಿಲಿನದೇ ದೊಡ್ಡ ಕಷ್ಟ. ಬಾಗಿಲ ಬಳಿಗೆ ಬಂದೊಡನೆ ಪಾದಗಳು ನೆಲಕ್ಕೆ ಅಂಟಿದಂತೆ ನಿಲ್ಲುತ್ತಿದ್ದುವು. ಮೊಮ್ಮಗನು ಕೈಹಿಡಿದೆಳೆದರೆ ಮುಗ್ಗರಿಸುವರು. ಚಿಕಿತ್ಸಕರ ಮಾತಿನಂತೆ ಸೊಸೆಯು ಹೊಸ್ತಿಲಿನ ಈಚೆ ನಾಲ್ಕು ಬಿಳಿಯ ಗೆರೆಗಳನ್ನು ಅಡ್ಡಲಾಗಿ ಎಳೆದಳು. ರಂಗೋಲಿಯ ಪುಡಿಯು ಜಾರೀತೆಂದು ಬಣ್ಣವನ್ನೇ ಹಚ್ಚಿದಳು. ಆಶ್ಚರ್ಯವೆಂಬಂತೆ, ಸಮನೆಲದಲ್ಲಿ ಏಳದಿದ್ದ ಪಾದವು ಗೆರೆಯನ್ನು ಕಂಡೊಡನೆ ಅದನ್ನು ದಾಟುವುದಕ್ಕಾಗಿ ಎದ್ದಿತು. ಕಣ್ಣಿಗೆ ಗೆರೆಯಂತೆ ಕಿವಿಗೆ ತಾಳವೂ ಸಹಾಯಕವೆಂದು ತಿಳಿದ ಮೇಲೆ, ಮೊಮ್ಮಗನು ಪ್ರಾತಃಕಾಲದಲ್ಲಿ ಅಮರಕೋಶವನ್ನು ಗಟ್ಟಿಯಾಗಿ ಹೇಳುತ್ತಿರಲು, ಹಿರಿಯರು ಮೌನವಾಗಿ ಆ ಲಯಕ್ಕೆ ಹೆಜ್ಜೆಯಿಟ್ಟು ಅಂಗಳದಲ್ಲಿ ನಡೆಯತೊಡಗಿದರು. ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು ಅದರ ಉತ್ತರಾಂಗವಾಯಿತು.

ಇದು ಒಂದು ಮನೆಯ ಅನುಭವಮಾತ್ರವಲ್ಲ. ಅಮೆರಿಕದ ಒರೆಗಾನ್ ಪ್ರಾಂತದಲ್ಲಿ 195 ಮಂದಿ ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪರಿಶೋಧನೆಯಲ್ಲಿ, ಚೀನೀಯರ ತಾಯ್‌ಚಿ ಎಂಬ ನಿಧಾನಗತಿಯ ವ್ಯಾಯಾಮವನ್ನು ಕಲಿತವರು, ಕೇವಲ ಅಂಗಗಳನ್ನು ಚಾಚುವ ವ್ಯಾಯಾಮ ಮಾಡಿದವರಿಗಿಂತ ಕಡಮೆ ಸಲ ಬಿದ್ದರು.

ಊರುಗೋಲನ್ನು ಮಾತ್ರ ಹಿರಿಯರು ಬಹುಕಾಲ ಒಲ್ಲೆನೆಂದರು. ಬೀದಿಯವರೆದುರು ಅದು ಅಪಮಾನವೆಂದು ಅವರ ಭಾವನೆ. ರಥೋತ್ಸವದ ದಿನ ಮನೆಯವರೆಲ್ಲರೂ ಹೊರಟು, ಕಹಳೆಯ ಧ್ವನಿಯು ಒಳಗೆ ಕೇಳಲಾಗಿ, ತಾವಾಗಿಯೇ ಕೋಲನ್ನು ಕೇಳಿ ತೆಗೆದುಕೊಂಡರು. ಹೊಸ್ತಿಲಿನಲ್ಲಿ ಕಾಲು ನಿಂತಿತು. ಮೊಮ್ಮಗನು ಕೈಚಾಚಿದನು.

"ಎಳೆಯಬೇಡವಪ್ಪಾ, ಲೆಕ್ಕ ಹೇಳು" ಎಂದರು.

ಹುಡುಗನು ಲೆಕ್ಕ ಹೇಳಿದನು, ಹಿರಿಯರು ದಾಟಿದರು. ವ್ಯಾಧಿಯು ಹಿಂದಿರುಗಿ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಆ ದಿನ ಅವರು ತೇರನ್ನು ಮನೆಯೊಳಗಿನಿಂದ ಕೇಳಲಿಲ್ಲ, ಬೀದಿಯಲ್ಲಿ ನಿಂತು ಕಂಡರು.